ಕಂಬಳಿಗುಡ್ಡದ ಹೆಬ್ಬೆಟ್ಟುಗಳು

ಸೋಮವಾರ ಮಧ್ಯಾಹ್ನ ಹೊನ್ನಾಳಿಯ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಸಂಧ್ಯಾರಾಣಿ ಊಟದ ಡಬ್ಬಿ ತೆರೆಯುವ ಹೊತ್ತಿಗೆ ಅವಳ ಮೊಬೈಲಿಗೆ ಒಂದು ಕಡತ ಬಂತು. ಬೆಂಗಳೂರಿನ ಪತ್ರಿಕೆಯೊಂದರಲ್ಲಿ ಕೆಲಸ ಮಾಡುವ ಕಾವ್ಯಶ್ರೀ ಕಳಿಸಿದ್ದಳು. ‘ಅಭಿನಂದನೆ ಮೇಡಂ. ಶುಕ್ರವಾರ ರಾಜ್ಯ ವನ್ಯಜೀವಿ ಮಂಡಳಿ ಸಭೆ. ನಿಮ್ಮ ಕಾವಲು ಒಂಬತ್ತನೇ ವಿಷಯ’ ಎಂದು ಕೆಳಗೆ ಬರೆದಿದ್ದಳು.

ಒಂದೂವರೆ ವರ್ಷದ ಓಡಾಟ ಅದು. ಜಗಳೂರು ತಾಲ್ಲೂಕಿನ ಸೊಕ್ಕೆಯ ಆಚೆಗೆ ಕಂಬಳಿಗುಡ್ಡದ ಕಾವಲು ಎಂಬ ಎರಡು ಸಾವಿರ ಎಕರೆ ಸರ್ಕಾರಿ ಹುಲ್ಲುಗಾವಲಿದೆ. ಅಲ್ಲಿ ತೋಳಗಳಿವೆ, ಗುಳ್ಳೆನರಿಗಳಿವೆ, ಸುತ್ತಲಿನ ನಾಲ್ಕು ಹಳ್ಳಿಗಳ ಕುರಿಗಳು ಮೇಯುತ್ತವೆ. ಅದರ ದಿಬ್ಬದ ಮೇಲೆ ಗಾಳಿ ವಿದ್ಯುತ್ ಕಂಪನಿಯೊಂದು ಸಾಲಾಗಿ ರೆಕ್ಕೆಯ ಕಂಬ ನಿಲ್ಲಿಸಲು ಹೊರಟಿತ್ತು. ಚುನಾವಣೆ ಡ್ಯೂಟಿಗೆಂದು ಸೊಕ್ಕೆಗೆ ಹೋಗಿದ್ದ ಸಂಧ್ಯಾರಾಣಿ ಮತದಾನದ ದಿನ ಬೆಳಿಗ್ಗೆ, ಹಲ್ಲುಜ್ಜುತ್ತಾ ಶಾಲೆಯ ಹಿಂದೆ ನಿಂತಿದ್ದಾಗ ತೋಳವೊಂದು ಬಾಯಲ್ಲಿ ಮೊಲ ಕಚ್ಚಿಕೊಂಡು ಹೊಲದ ಬದು ದಾಟಿದ್ದನ್ನು ನೋಡಿದ್ದಳು. ಹತ್ತು ವರ್ಷದಿಂದ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತಿದ್ದವಳು ತೋಳ ನೋಡಿದ್ದು ಅದೇ ಮೊದಲು. ಅಂದಿನಿಂದ ಅವಳ ಭಾನುವಾರಗಳೆಲ್ಲ ಆ ಕಡೆಯ ಬಸ್ಸುಗಳಲ್ಲೇ ಕಳೆದಿದ್ದವು.

ಅನ್ನ ಕಲಸುತ್ತಲೇ ಅವಳು ಪುಟ ಸರಿಸಿದಳು. ಎರಡನೇ ಪುಟಕ್ಕೆ ಬಂದಾಗ ಕೈ ನಿಂತಿತು.

ಅವಳೂ ಜೊತೆಗಾರರೂ ಸೇರಿ ಬರೆದ ಮನವಿಯಲ್ಲಿ ಇದ್ದದ್ದು ‘ಸಂರಕ್ಷಣಾ ಮೀಸಲು’ ಎಂಬ ಪದ. ಮೀಸಲಾದರೆ ಕುರಿ ಮೇಯಿಸಲು ಅಡ್ಡಿಯಿಲ್ಲ, ಊರಿನವರೂ ಅದರ ಸಮಿತಿಯಲ್ಲಿರುತ್ತಾರೆ. ಈ ಕಾಗದದಲ್ಲಿ ಅದೇ ಜಾಗದಲ್ಲಿ ‘ವನ್ಯಜೀವಿಧಾಮ’ ಎಂದಿತ್ತು. ಧಾಮದೊಳಗೆ ಹೆಜ್ಜೆ ಇಡುವುದಕ್ಕೂ ಅಪ್ಪಣೆ ಬೇಕು. ಕೆಳಗೆ ಇನ್ನೊಂದು ಸಾಲು: ‘ಕಾವಲಿನಲ್ಲಿ ಕುರಿ ಮೇಯಿಸುವುದನ್ನು ಹಂತಹಂತವಾಗಿ ನಿಲ್ಲಿಸಲು ಸ್ಥಳೀಯ ಕುರಿಗಾಹಿಗಳು ಒಪ್ಪಿರುತ್ತಾರೆ.’ ಅದರ ಹಿಂದೆ ಹನ್ನೊಂದು ಪುಟ ಸಹಿಗಳು. ಮುನ್ನೂರ ಎಂಬತ್ತಾರು ಜನ. ಅದರಲ್ಲಿ ನೂರಕ್ಕೂ ಹೆಚ್ಚು ಹೆಬ್ಬೆಟ್ಟು. ಒಂದೊಂದನ್ನೂ ಅವಳೇ ಮನೆಮನೆಗೆ ಹೋಗಿ, ಕಾಗದ ಓದಿ ಹೇಳಿ, ಇಂಕ್ ಪ್ಯಾಡ್ ಹಿಡಿದು ಒತ್ತಿಸಿದ್ದಳು.

ಊಟ ಹಾಗೇ ಉಳಿಯಿತು. ಮೂರು ಗಂಟೆಯ ಕ್ಲಾಸನ್ನು ಬೇರೆಯವರಿಗೆ ಒಪ್ಪಿಸಿ ಚನ್ನಗಿರಿಯ ಬಸ್ಸು ಹತ್ತಿದಳು.

ರುದ್ರಮುನಿ ಚನ್ನಗಿರಿಯಲ್ಲಿ ಅಡಿಕೆ ಮಂಡಿ ಇಟ್ಟವರು. ಅರವತ್ತು ದಾಟಿದೆ. ಸೂಳೆಕೆರೆಯ ಒತ್ತುವರಿ ತೆರವಾಗಬೇಕೆಂದು ಕಚೇರಿ, ಕೋರ್ಟು ಅಂತ ಅಲೆದವರಲ್ಲಿ ಅವರೂ ಒಬ್ಬರು. ಕಂಬಳಿಗುಡ್ಡಕ್ಕಾಗಿ ಓಡಾಡುತ್ತಿದ್ದ ‘ಬಯಲು ಬಳಗ’ ಕಟ್ಟಿದವರೂ ಅವರೇ. ಮನವಿ ಬರೆಯುವುದು ಹೇಗೆ, ಯಾವ ಕಚೇರಿಯಲ್ಲಿ ಯಾರನ್ನು ಕೇಳಬೇಕು, ಅಧಿಕಾರಿ ಸಿಟ್ಟಾದರೆ ಸುಮ್ಮನಿರುವುದು ಹೇಗೆ, ಎಲ್ಲವನ್ನೂ ಸಂಧ್ಯಾರಾಣಿ ಕಲಿತದ್ದು ಅವರಿಂದ. ಅವಳು ಹೋದಾಗ ಅವರು ಮಂಡಿಯಲ್ಲಿ ಚೀಲ ಬಿಚ್ಚಿಸಿ ಅಡಿಕೆ ನೋಡುತ್ತಿದ್ದರು.

“ಬಾ ತಂಗಿ, ಬಾ. ಸುದ್ದಿ ಸಿಕ್ತಾ? ಶುಕ್ರವಾರ ಆಗಿಹೋಯ್ತು ಅನ್ಕೋ.”

“ಕಾಗದ ನೋಡಿದೆ ಅಣ್ಣ. ನಾವು ಬರೆದಿದ್ದು ಅದಲ್ಲ.”

ರುದ್ರಮುನಿ ಕೈಯಲ್ಲಿದ್ದ ಅಡಿಕೆಯನ್ನು ಚೀಲಕ್ಕೆ ಹಾಕಿ ಒಳಗಿನ ಕೋಣೆಗೆ ನಡೆದರು. ಅವಳು ಹಿಂದೆ ಹೋದಳು. ಅವರು ಕುರ್ಚಿ ತೋರಿಸಿದರು, ಅವಳು ಕೂರಲಿಲ್ಲ.

“ನಾನೇ ಬದಲಾಯಿಸಿದೆ,” ಎಂದರು. ಮುಚ್ಚುಮರೆ ಇರಲಿಲ್ಲ. “ಮೀಸಲು ಅಂತ ಕೇಳಿದ್ರೆ ಏನು ಕೊಡ್ತಾರೆ? ಒಂದು ಬೋರ್ಡು, ಒಂದು ಕಮಿಟಿ. ಐದು ವರ್ಷಕ್ಕೆ ಇನ್ನೊಂದು ಸರ್ಕಾರ ಬರ್ತೈತೆ, ಇನ್ನೊಂದು ಕಂಪನಿ ಬರ್ತೈತೆ. ಧಾಮ ಆಗಿಬಿಟ್ರೆ ಯಾರೂ ಅದಕ್ಕೆ ಕೈ ಹಾಕಾಕೆ ಆಗಲ್ಲ.”

“ಜನಕ್ಕೆ ಹೇಳಿ ಬದಲಾಯಿಸಬಹುದಿತ್ತಲ್ಲ?”

“ಹೇಳಿದ್ರೆ ಒಪ್ತಿದ್ರಾ?”

“ಇಲ್ಲ.”

“ಮತ್ತೆ?”

ಹೊರಗೆ ಹಮಾಲರು ಚೀಲ ಎತ್ತಿ ಹಾಕುವ ಸದ್ದು ಬರುತ್ತಿತ್ತು.

“ಆ ಸಹಿ ತಂದವಳು ನಾನು ಅಣ್ಣ. ಕುರಿಗೆ ತೊಂದರೆ ಇಲ್ಲ ಅಂತ ನನ್ನ ಬಾಯಲ್ಲೇ ಹೇಳಿದೀನಿ.”

“ಅದಕ್ಕೇ ನಿಂಗೆ ಹೇಳ್ಲಿಲ್ಲ. ಕೆರೆ ವಿಷಯದಲ್ಲಿ ಹನ್ನೊಂದು ವರ್ಷ ಎಲ್ಲರನ್ನೂ ಕೇಳ್ಕೊಂಡು, ಎಲ್ಲರನ್ನೂ ಒಪ್ಪಿಸ್ಕೊಂಡು ಓಡಾಡಿದೆ. ಒಪ್ಪಿಸೋದ್ರಲ್ಲೇ ನನ್ನ ತಲೆ ಬೆಳ್ಳಗಾಯ್ತು. ಈ ಸಲ ಹಂಗೆ ಆಗಾಕೆ ಬಿಡಲ್ಲ.” ಅವರ ದನಿ ಇಳಿಯಿತು. “ನಾಲ್ಕು ದಿನ ಸುಮ್ಮನಿರು ತಂಗಿ. ಕುರಿಯೋರನ್ನ ಆಮೇಲೆ ನೋಡ್ಕೊಳ್ಳಾಣ. ಕಂಪನಿಯೋರಿಗೆ ರಸ್ತೆ ಕಡಿಯಾಕೆ ಅನುಮತಿ ಸಿಕ್ಕಿ ತಿಂಗಳಾಯ್ತು. ಈ ಸಭೆ ತಪ್ಪಿದ್ರೆ ಕಾವಲು ನಮ್ಮ ಕೈಲಿ ಉಳಿಯಲ್ಲ.”

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವಳನ್ನು ಕಾಡಿದ್ದೂ ಅದೇ.

ಮರುದಿನ ಬೆಳಿಗ್ಗೆ ನ್ಯಾಮತಿಯ ಮನೆಯಲ್ಲಿ ಅವಳು ಒಲೆಯ ಮೇಲೆ ಹಾಲಿಟ್ಟು ಉಕ್ಕಿಸಿದಳು. ಒರೆಸಿ ಮತ್ತೆ ಇಟ್ಟಳು, ಮತ್ತೆ ಉಕ್ಕಿತು. ಗಂಡ ಕಲ್ಲೇಶ್ ಪಂಪಿನ ಮೋಟಾರು ರಿಪೇರಿ ಮಾಡುವವನು. ಜಗಲಿಯಲ್ಲಿ ಕೂತು ಸುಟ್ಟ ಮೋಟಾರಿನ ತಂತಿ ಕೀಳುತ್ತಿದ್ದ. ಹಿಂದಿನ ಸಂಜೆಯಿಂದ ಅವಳು ಹೇಳಿದ್ದನ್ನೇ ಹೇಳುತ್ತಿದ್ದಳು, ಅವನು ಕೇಳುತ್ತಲೇ ಇದ್ದ.

“ನೀವೇನಂತೀರಿ?” ಎಂದಳು ಕೊನೆಗೆ.

“ನಾನಾಗಿದ್ರೆ ಕುರಿಯೋರಿಗೆ ಹೇಳ್ತಿರ್ಲಿಲ್ಲ. ಕೆಲಸ ಆಗ್ಲಿ ಅಂತ ಸುಮ್ಮನಿರ್ತಿದ್ದೆ.” ತಂತಿ ಎಳೆದು ಪಕ್ಕಕ್ಕೆಸೆದ. “ಆದ್ರೆ ನೀನು ಆಗ್ಲೇ ರಜಾ ಹಾಕಿದೀಯ. ನಿನ್ನ ಬ್ಯಾಗು ಬಾಗಿಲ ಹತ್ರ ಐತೆ. ಮತ್ತೆ ನನ್ನ ಯಾಕೆ ಕೇಳ್ತೀಯ?”

ದಾವಣಗೆರೆಯಲ್ಲಿ ಬಸ್ಸು ಬದಲಿಸಿ, ಜಗಳೂರಿನಲ್ಲಿ ಇನ್ನೊಮ್ಮೆ ಬದಲಿಸಿ, ಸೊಕ್ಕೆಯಲ್ಲಿ ಇಳಿಯುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಮೂರು ಬಸ್ಸಿನಲ್ಲೂ ಅವಳಿಗೆ ಒಂದು ಕಡೆ ಕೂರಲಾಗಲಿಲ್ಲ. ಇಳಿದು ವಾಪಸ್ ಹೋಗಿಬಿಡಬೇಕು ಎಂದು ಎರಡು ಸಲ ಎದ್ದು ನಿಂತಿದ್ದಳು.

ಕರಿಯಕ್ಕ ಕಾವಲಿನ ಅಂಚಿನಲ್ಲಿ ಬಂದರಿಕೆ ಗಿಡಗಳ ಮಧ್ಯೆ ಕುರಿ ಬಿಟ್ಟುಕೊಂಡು ನಿಂತಿದ್ದಳು. ಐವತ್ತೈದರ ಹೆಂಗಸು. ಗಂಡ ತೀರಿಹೋದ ಮೇಲೆ ಎಂಬತ್ತು ಕುರಿಯನ್ನು ಒಬ್ಬಳೇ ಸಾಕಿ ಮಗನ ಮದುವೆ ಮಾಡಿದವಳು. ಸಹಿ ಸಂಗ್ರಹಕ್ಕೆ ಹೋದಾಗ ಮೊದಲು ಬಾಗಿಲು ಹಾಕಿಕೊಂಡವಳೂ ಅವಳೇ. ತೋಳ ಉಳಿಸಬೇಕು ಎಂದಾಗ ಅವಳಿಗೆ ನಗು ಬಂದಿತ್ತು. ಆಮೇಲೆ ಒಂದು ದಿನ ತಾನಾಗಿ ಕರೆದು, “ತೋಳ ವರ್ಷಕ್ಕೆ ನಾಕು ಮರಿ ತಿಂತೈತೆ. ಆ ಫ್ಯಾನ್ ಕಂಪನಿ ಹುಲ್ಲನ್ನೇ ತಿಂತೈತೆ. ತಾ, ಎಲ್ಲಿ ಒತ್ತಬೇಕು?” ಎಂದಿದ್ದಳು. ಅವಳು ಒತ್ತಿದ ಮೇಲೆಯೇ ಉಳಿದ ಹಟ್ಟಿಗಳವರು ಮುಂದೆ ಬಂದದ್ದು.

“ಏನ್ ಟೀಚರಮ್ಮ, ಮಂಗಳವಾರ ಬಂದೀಯ? ಕಾಲೇಜಿಲ್ವಾ?”

ಸಂಧ್ಯಾರಾಣಿ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಕಾಗದ ಓದಿದಳು. ಕರಿಯಕ್ಕ ಕೋಲಿನ ಮೇಲೆ ಗಲ್ಲ ಊರಿ ಕೇಳಿಸಿಕೊಂಡಳು.

“ಇನ್ನೊಂದ್ಸಲ ಓದು.”

ಓದಿದಳು.

“ಒಪ್ಪಿರುತ್ತಾರೆ ಅಂದ್ರೆ ನಾವಾ?”

“ಹೌದಕ್ಕ.”

“ನೀನು ಬರ್ದಿದ್ದಾ ಇದು?”

“ಅಲ್ಲ. ನಂಗೆ ನಿನ್ನೆ ಗೊತ್ತಾಯ್ತು.”

“ನನ್ ಹೆಬ್ಬೆಟ್ಟು ಅದ್ರ ಹಿಂದೈತಾ?”

“ಇದೆ. ಎರಡನೇ ಹಾಳೆಯಲ್ಲಿ.”

ಕರಿಯಕ್ಕ ಮೊಬೈಲು ಇಸಿದುಕೊಂಡು ಆ ಹಾಳೆ ನೋಡಿದಳು. ತನ್ನ ಹೆಬ್ಬೆಟ್ಟು ಯಾವುದೆಂದು ಗೊತ್ತಾಗಲಿಲ್ಲ. ಅಷ್ಟರಲ್ಲಿ ಅವಳ ಮೈದುನ ತಿಪ್ಪೇಶಪ್ಪ ಬೈಕಿನಲ್ಲಿ ಬಂದ. ಪಂಚಾಯ್ತಿ ಸದಸ್ಯ. ಕಂಪನಿ ಬಂದರೆ ಊರಿನ ಹತ್ತು ಹುಡುಗರಿಗೆ ವಾಚ್‌ಮನ್ ಕೆಲಸ ಸಿಗುತ್ತದೆಂದು ಮೊದಲಿನಿಂದಲೂ ಹೇಳುತ್ತಾ ಬಂದವನು, ಸಹಿಯನ್ನೂ ಹಾಕದವನು. ವಿಷಯ ಕೇಳುತ್ತಲೇ ಅವನ ಮುಖ ಕೆಂಪಾಯಿತು.

“ನಾನು ಹೇಳ್ಲಿಲ್ವಾ ಅತ್ತಿಗೆ? ಇವ್ರು ತೋಳದ ಕಡೆಯೋರು. ನಮ್ ಕಡೆಯೋರಲ್ಲ. ಕಂಪನಿಯೋರು ಹೊಲಾನಾದ್ರೂ ಕೇಳಿ ತಗಂತಾರೆ, ಇವ್ರು ಓದಿ ಹೇಳಿದ್ದು ಒಂದು, ಬರ್ದಿದ್ದು ಒಂದು!” ಸಂಧ್ಯಾರಾಣಿಯ ಕಡೆ ತಿರುಗಿ, “ಏನ್ ಮೇಡಮ್ಮ, ನಿಮಗೆ ಮುಖ ಐತೇನ್ರಿ ಇಲ್ಲಿಗೆ ಬರಾಕೆ?” ಎಂದ.

ಅವಳು ತಲೆ ತಗ್ಗಿಸಿದಳು. ಬೈಗುಳಕ್ಕೆ ತಯಾರಾಗಿಯೇ ಬಂದಿದ್ದಳು, ಆದರೂ ಕಣ್ಣು ತುಂಬಿತು.

“ಸುಮ್ಕಿರೋ ತಿಪ್ಪೇಶ,” ಎಂದಳು ಕರಿಯಕ್ಕ. “ಮುಖ ಐತೆ ಅಂತಾನೇ ಬಂದಾಳೆ. ಬರ್ದೋರು ಬರ್ಲಿಲ್ವಲ್ಲ.” ನಂತರ ಸಂಧ್ಯಾರಾಣಿಗೆ, “ಆ ಕಾಗದ ಈಗ ಎಲ್ಲೈತೆ?” ಎಂದು ಕೇಳಿದಳು.

“ಬೆಂಗಳೂರಲ್ಲಿ.”

“ಹೋಗಾಣ. ಕುರೀನ ಶೈಲಾ ನೋಡ್ಕಂತಾಳೆ.” ಶೈಲಾ ಅವಳ ಸೊಸೆ.

ಬುಧವಾರ ಸಂಜೆಯ ಬಸ್ಸಿಗೆ ಹೊರಟು ಗುರುವಾರ ಬೆಳಿಗ್ಗೆ ಇಬ್ಬರೂ ಬೆಂಗಳೂರು ಮುಟ್ಟಿದರು. ಸುದ್ದಿ ಹೇಗೋ ಮುಟ್ಟಿ, ದಾರಿಯಲ್ಲಿ ರುದ್ರಮುನಿ ಆರು ಸಲ ಫೋನು ಮಾಡಿದರು. ಅವಳು ಎತ್ತಲಿಲ್ಲ. ಏಳನೆಯ ಸಲ ಒಂದು ಸಂದೇಶ ಬಂತು: ‘ತೋಳಗಳು ಈಗ ಮರಿ ಹಾಕಿರೋ ಕಾಲ. ಯೋಚನೆ ಮಾಡು.’ ಅದನ್ನೋದಿದ ಮೇಲೆ ಅವಳು ತಿಂಡಿ ಮುಟ್ಟಲಿಲ್ಲ. ಹೋಟೆಲಿನಲ್ಲಿ ಕರಿಯಕ್ಕ ಇಬ್ಬರ ಇಡ್ಲಿಯನ್ನೂ ತಾನೇ ತಿಂದಳು.

ವನ್ಯಜೀವಿ ಮಂಡಳಿಯ ಕಚೇರಿಯ ಕಾರಿಡಾರಿನಲ್ಲಿ ಹತ್ತರಿಂದ ಮೂರೂವರೆಯ ತನಕ ಕಾದರು. ಕರಿಯಕ್ಕ ನೆಲದ ಮೇಲೆ ಗೋಡೆಗೊರಗಿ ನೆಮ್ಮದಿಯಾಗಿ ಕೂತಿದ್ದಳು. ಸಂಧ್ಯಾರಾಣಿ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದಳು. ತೋಳ ಉಳಿಸಲೆಂದೇ ಒಂದೂವರೆ ವರ್ಷ ಓಡಾಡಿದವಳು ಈಗ ಅದೇ ಕಾಗದ ತಡೆಯಲು ಬಂದು ನಿಂತಿದ್ದೇನೆ ಎಂಬುದು ನೆನಪಾದಾಗೆಲ್ಲ ಮೆಟ್ಟಿಲ ತನಕ ಹೋಗಿ ತಿರುಗಿ ಬರುತ್ತಿದ್ದಳು.

ಕೊನೆಗೆ ಒಳಗೆ ಕರೆದ ಅಧಿಕಾರಿ ಹೆಂಗಸು. ಸಮಾಧಾನದಿಂದ ಎಲ್ಲ ಕೇಳಿದರು. ಹಳೆಯ ಮನವಿಯ ಪ್ರತಿಯನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡಿದರು.

“ನೋಡಿ,” ಎಂದರು, “ನೀವು ಲಿಖಿತವಾಗಿ ಆಕ್ಷೇಪಣೆ ಕೊಟ್ಟರೆ ನಾಳೆ ಈ ವಿಷಯ ಮುಂದೂಡಬೇಕಾಗುತ್ತೆ. ಮುಂದಿನ ಸಭೆ ಯಾವಾಗ ಅಂತ ನಾನು ಹೇಳೋಕಾಗಲ್ಲ. ಅಲ್ಲೀತನಕ ಕಂಪನಿಯ ಕೆಲಸ ತಡೆಯೋಕೆ ನನ್ನ ಹತ್ತಿರ ಏನೂ ಇಲ್ಲ. ಕೊಡದಿದ್ದರೆ ನಾಳೆ ಧಾಮ ಆಗಬಹುದು. ಮೇಯಿಸೋದರ ಬಗ್ಗೆ ಆಮೇಲೆ ಅರ್ಜಿ ಹಾಕ್ಕೋಬಹುದು. ಯಾವುದು ಬೇಕು, ನೀವೇ ಹೇಳಿ.”

ಸಂಧ್ಯಾರಾಣಿ ಕರಿಯಕ್ಕನ ಕಡೆ ನೋಡಿದಳು. ಆ ಕ್ಷಣದಲ್ಲಿ, ಬೇಡ ಅಕ್ಕ, ಹಾಗೇ ಬಿಡೋಣ ಎಂಬ ಮಾತು ಅವಳ ಬಾಯಿಗೆ ಬಂದಿತ್ತು. ಹೇಳಲಿಲ್ಲ.

“ಅಮ್ಮಾರೆ,” ಎಂದಳು ಕರಿಯಕ್ಕ, “ಒಂದ್ಸಲ ಹೊರಗೆ ಹಾಕಿದ್ಮೇಲೆ ಅರ್ಜಿ ಹಾಕಿದ್ರೆ ಒಳಗೆ ಬಿಟ್ಟಿದ್ದನ್ನ ನಾನೆಲ್ಲೂ ಕಂಡಿಲ್ಲ. ನಮ್ ಮಾತು ಬದಲಾಯ್ಸಿ ಬರ್ದವ್ರೆ. ನಮ್ ಮಾತು ನಾವು ಹೇಳ್ತೀವಿ, ಬರ್ಕಳ್ರಿ. ಫ್ಯಾನಿನೋರು ಬಂದ್ರೆ ನಾವು ನೋಡ್ಕಂತೀವಿ.”

ಅಲ್ಲೇ ಒಂದು ಬಿಳಿ ಹಾಳೆ ಇಸಿದುಕೊಂಡು ಕರಿಯಕ್ಕ ಹೇಳಿದಳು, ಸಂಧ್ಯಾರಾಣಿ ಬರೆದಳು. ತೋಳ ಇರಲಿ. ಕುರಿಯೂ ಇರಲಿ. ಕಂಬ ಬೇಡ. ಕಮಿಟಿಯಲ್ಲಿ ನಾವಿರಬೇಕು. ಬರೆದದ್ದನ್ನು ಎರಡು ಸಲ ಓದಿಸಿಕೊಂಡು, ಪಕ್ಕದಲ್ಲಿದ್ದ ಜವಾನನ ಕೈಯಲ್ಲೂ ಒಮ್ಮೆ ಓದಿಸಿ, ಆಮೇಲೆ ಹೆಬ್ಬೆಟ್ಟು ಒತ್ತಿದಳು. ಇನ್ನೊಬ್ಬನಿಂದ ಓದಿಸಿದ್ದು ಸಂಧ್ಯಾರಾಣಿಗೆ ಚುಚ್ಚಿತು. ಚುಚ್ಚಬೇಕಾದ್ದೇ ಎಂದುಕೊಂಡಳು.

ಶುಕ್ರವಾರ ವಿಷಯವನ್ನು ಮುಂದೂಡಿದರು. ಅಂದೇ ಸಂಜೆ ಬಯಲು ಬಳಗದ ವಾಟ್ಸಾಪ್ ಗುಂಪಿನಿಂದ ಅವಳನ್ನು ತೆಗೆದುಹಾಕಿದರು. ಕಂಪನಿಯ ದುಡ್ಡು ತಿಂದಿದ್ದಾಳೆ ಎಂದು ಯಾರೋ ಬರೆದಿದ್ದನ್ನು ಕಾಲೇಜಿನ ಸಹೋದ್ಯೋಗಿಯೊಬ್ಬರು ತೋರಿಸಿದರು. ರುದ್ರಮುನಿ ಅದನ್ನು ಬರೆದಿರಲಿಲ್ಲ. ಅಲ್ಲಗಳೆದೂ ಇರಲಿಲ್ಲ.

ಹನ್ನೊಂದನೇ ದಿನ ಕಂಬಳಿಗುಡ್ಡಕ್ಕೆ ಜೆಸಿಬಿಗಳು ಬಂದವು.

ಕರಿಯಕ್ಕನ ಮಗ ಕೆಂಚೇಶ್ ಫೋನು ಮಾಡಿದಾಗ ಸಂಧ್ಯಾರಾಣಿ ಪ್ರಾಯೋಗಿಕ ಪರೀಕ್ಷೆ ನಡೆಸುತ್ತಿದ್ದಳು. ಅವಳು ಕಾವಲು ತಲುಪುವಷ್ಟರಲ್ಲಿ ದಿಬ್ಬದ ನೆತ್ತಿಯ ಉದ್ದಕ್ಕೂ ಕೆಂಪು ಮಣ್ಣಿನ ರಸ್ತೆ ಬಿದ್ದಿತ್ತು. ಕೆಂಚೇಶ್ ಅವಳನ್ನು ಬಂಡೆಯೊಂದರ ಕೆಳಗೆ ಕರೆದೊಯ್ದ. ತೋಳದ ಬಿಲವಿದ್ದ ಜಾಗದಲ್ಲಿ ಕಲ್ಲುಮಣ್ಣಿನ ರಾಶಿ ಇತ್ತು.

“ಮರಿ?” ಎಂದಳು.

“ಮೂರಿದ್ವು. ತಾಯಿ ಮೊದ್ಲೇ ಎತ್ಕಂಡು ಹೋಗಿರ್ಬೋದು ಮೇಡಂ. ಇಲ್ಲಾಂದ್ರೆ…”

ಅವಳು ಮಣ್ಣಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಅಗೆದು ನೋಡಬೇಕೆನಿಸಿತು, ನೋಡಬಾರದೆನಿಸಿತು. ಕೊನೆಗೆ ಅಗೆಯಲಿಲ್ಲ.

ಮರುದಿನ ಬೆಳಿಗ್ಗೆ ಆದದ್ದಕ್ಕೆ ಅವಳು ಕಾರಣಳಲ್ಲ, ಯಾವ ಬಳಗವೂ ಕಾರಣವಲ್ಲ. ಕರಿಯಕ್ಕ ತನ್ನ ಎಂಬತ್ತು ಕುರಿಗಳನ್ನು ಹೊಡೆದುಕೊಂಡು ಹೋಗಿ ಹೊಸ ರಸ್ತೆಯ ಮೇಲೆ ನಿಲ್ಲಿಸಿದಳು. ಮಧ್ಯಾಹ್ನದ ಹೊತ್ತಿಗೆ ಇನ್ನೂ ಮೂರು ಹಿಂಡು ಬಂದವು. ಸಂಜೆಗೆ ದಿಬ್ಬದ ಮೇಲೆ ಎರಡು ಸಾವಿರ ಕುರಿಗಳಿದ್ದವು. ಚಾಲಕರು ಹಾರ್ನ್ ಹೊಡೆದರು, ಬೈದರು, ಕೊನೆಗೆ ಇಂಜಿನ್ ಆರಿಸಿ ಬೀಡಿ ಹಚ್ಚಿದರು. ಪೊಲೀಸರು ಬಂದರು. ಯಾರನ್ನು ಹಿಡಿಯುವುದೆಂದು ಅವರಿಗೂ ತಿಳಿಯಲಿಲ್ಲ. ಎಲ್ಲರೂ ಕುರಿ ಮೇಯಿಸುತ್ತಿದ್ದರು, ಅಷ್ಟೇ. ರಾತ್ರಿ ಕುರಿ ಕೂಡಲು ರಸ್ತೆಯ ಮೇಲೇ ರೊಪ್ಪ ಹಾಕಿದರು, ಅಲ್ಲೇ ರೊಟ್ಟಿ ಬಡಿದರು. ನಾಲ್ಕನೇ ದಿನ ತಿಪ್ಪೇಶಪ್ಪನ ಹಿಂಡೂ ಬಂತು. ಅವನು ಸಂಧ್ಯಾರಾಣಿಯ ಮುಖ ನೋಡದೆ, “ಅತ್ತಿಗೆ ಒಬ್ಬಳೇ ಕುಂತಿದ್ರೆ ಊರಲ್ಲಿ ನಾನು ಹೆಂಗೆ ತಿರುಗ್ಲಿ?” ಎಂದು ಗೊಣಗಿದ.

ಕಾವ್ಯಶ್ರೀ ಬಂದು ಸುದ್ದಿ ಮಾಡಿದಳು. ರಸ್ತೆಯ ಮೇಲೆ ಮಲಗಿದ ಕುರಿಗಳ ಫೋಟೊ ರಾಜ್ಯದ ತುಂಬ ಓಡಾಡಿತು. ಒಂಬತ್ತನೇ ದಿನ, ಸ್ಥಳ ಪರಿಶೀಲನೆ ಆಗುವವರೆಗೆ ಕೆಲಸ ನಿಲ್ಲಿಸಬೇಕೆಂದು ಮೇಲಿನಿಂದ ಆದೇಶ ಬಂತು. ಅಷ್ಟರಲ್ಲಿ ಕುರಿಗಳಿಲ್ಲದ ಇನ್ನೊಂದು ದಾರಿಯಿಂದ ಬಂದು ಕಂಪನಿ ದಿಬ್ಬದ ದಕ್ಷಿಣದ ತುದಿಯಲ್ಲಿ ಏಳು ಕಂಬಗಳಿಗೆ ತಳಪಾಯ ಹಾಕಿತ್ತು.

ಜೂನಿನಲ್ಲಿ ಮಂಡಳಿ ಮತ್ತೆ ಸೇರಿತು. ಕಂಬಳಿಗುಡ್ಡ ಸಂರಕ್ಷಣಾ ಮೀಸಲಾಯಿತು. ಕುರಿಗೆ ಅವಕಾಶವಿತ್ತು, ಸಮಿತಿಯಲ್ಲಿ ಐವರು ಕುರಿಗಾಹಿಗಳಿಗೆ ಜಾಗವಿತ್ತು. ತಳಪಾಯ ಬಿದ್ದ ಏಳು ಕಂಬಗಳ ಜಾಗವನ್ನು ಮಾತ್ರ ಗಡಿಯಿಂದ ಹೊರಗಿಟ್ಟಿದ್ದರು.

ಸಮಿತಿಯ ಮೊದಲ ಸಭೆಗೆ ಮುಂಚೆ ಕರಿಯಕ್ಕ ಫೋನಿನಲ್ಲಿ, “ಆ ಅಡಿಕೆ ಯಜಮಾನ್ರನ್ನೂ ಕರಿ ಟೀಚರಮ್ಮ. ಕೋರ್ಟು ಕಚೇರಿ ತಿಳಿದೋರು ಒಬ್ರು ಬೇಕು,” ಎಂದಳು.

“ಅವರು ಬರ್ತಾರಾ ಅಕ್ಕ?”

“ಬರ್ಲಿಲ್ಲಾಂದ್ರೆ ಬಿಡ್ಲಿ. ಕರಿಯಾಕೇನು?”

ಸಂಧ್ಯಾರಾಣಿ ಏಳು ತಿಂಗಳ ಮೇಲೆ ಮತ್ತೆ ಚನ್ನಗಿರಿಯ ಮಂಡಿಯ ಮೆಟ್ಟಿಲು ಹತ್ತಿದಳು. ರುದ್ರಮುನಿ ಸೊರಗಿದ್ದರು. ಅವಳ ಮಾತನ್ನೆಲ್ಲ ಕೇಳಿದರು.

“ಏಳು ಕಂಬ,” ಎಂದರು ಆಮೇಲೆ. “ನೀನು ನಾಲ್ಕು ದಿನ ಸುಮ್ಮನಿದ್ದಿದ್ರೆ ಒಂದೂ ಬರ್ತಿರ್ಲಿಲ್ಲ. ಆ ಮರಿಗಳೂ ಇರ್ತಿದ್ವು.”

“ಹೌದಣ್ಣ.”

ಅವಳು ವಾದಿಸುತ್ತಾಳೆಂದು ಅವರು ಕಾದಿದ್ದರೇನೋ. ಅವಳು ನಿಂತೇ ಇದ್ದಳು. ಅವರು ಕಿಟಕಿಯ ಕಡೆ ತಿರುಗಿದರು.

“ಅವ್ರು ಕುರಿ ತಂದು ನಿಲ್ಲಿಸ್ತಾರೆ ಅಂತ ನಾನು ಕನಸಲ್ಲೂ ಎಣಿಸಿರ್ಲಿಲ್ಲ,” ಎಂದರು ತಗ್ಗಿದ ದನಿಯಲ್ಲಿ. “ಸಭೆ ಯಾವತ್ತು?”

“ಬುಧವಾರ.”

ಬುಧವಾರ ಅವರು ಬಂದರು. ಸೊಕ್ಕೆಯ ಶಾಲೆಯ ಜಗಲಿಯಲ್ಲಿ ಜನ ಸೇರಿದ್ದರು. ಕರಿಯಕ್ಕ ಅವರಿಗೆ ಕುಡಿಯಲು ನೀರು ಕೊಟ್ಟು, ಕುಡಿದು ಮುಗಿಸುವ ತನಕ ಕಾದು, “ಯಜಮಾನ್ರೆ, ಆ ಸಾಲು ಬರ್ದೋರು ನೀವೇ ತಾನೆ?” ಎಂದು ಕೇಳಿದಳು.

“ನಾನೇ,” ಎಂದರು ರುದ್ರಮುನಿ. “ನಿಮ್ಮನ್ನ ಕೇಳದೆ ಬರ್ದೆ. ತಪ್ಪಾಯ್ತು.”

“ಇನ್ಮೇಲೆ ಏನು ಬರೆದ್ರೂ ಈ ಜಗಲಿ ಮೇಲೆ ಓದಿ,” ಎಂದಳು ಕರಿಯಕ್ಕ, ಮತ್ತು ಮುಂದಿನ ವಿಷಯಕ್ಕೆ ಬಂದಳು.

ಸಭೆ ಮುಗಿಯುವ ಮೊದಲೇ ಸಂಧ್ಯಾರಾಣಿ ಎದ್ದು ಹೊರಗೆ ಬಂದಳು. ಮಳೆ ಬಿದ್ದು ಕಾವಲು ಹಸಿರಾಗಿತ್ತು. ದಕ್ಷಿಣದ ತುದಿಯಲ್ಲಿ ಏಳು ಕಂಬಗಳ ರೆಕ್ಕೆಗಳು ತಿರುಗುತ್ತಿದ್ದವು. ಕೆಂಚೇಶ್ ಅವಳ ಹಿಂದೆ ಬಂದ.

“ತೋಳ ಮತ್ತೆ ಕಂಡ್ವಾ?” ಎಂದು ಕೇಳಿದಳು.

“ನಮ್ ಕಾವಲಲ್ಲಿ ಇಲ್ಲ ಮೇಡಂ. ಮೊನ್ನೆ ಬೆಳಿಗ್ಗೆ ಊಳಿಟ್ಟಿದ್ದು ಕೇಳ್ತು. ಅಗಾ, ಆ ಹಳ್ಳದ ಆಚೆ. ಗಡಿ ಕಲ್ಲು ಇತ್ಲಾಗೇ ಮುಗಿತೈತೆ.”

“ಎಷ್ಟಿದ್ವು?”

“ದನಿ ಎರಡ್ಮೂರು ಇದ್ದಂಗಿತ್ತು. ಮರಿ ದನಿನೋ ದೊಡ್ಡವೋ ಗೊತ್ತಾಗ್ಲಿಲ್ಲ.”

“ಆಚೆ ಯಾರ ಜಮೀನು?”

“ಅದು ಬ್ಯಾರೆ ಪಂಚಾಯ್ತಿ. ಅಲ್ಲಿ ನಮಗೆ ಯಾರೂ ಪರಿಚಯ ಇಲ್ಲ.”

ಸಂಧ್ಯಾರಾಣಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಸೀರೆ ಎತ್ತಿಕಟ್ಟಿ, ಹಳ್ಳದ ಕಡೆ ಇಳಿಯತೊಡಗಿದಳು. ಕೊನೆಯ ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು.